ಬಿಚ್ಚಿ ನೋಡಿ ಸಹಿ ಮಾಡುತ್ತಿದ್ದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಒಮ್ಮೆ ನಮ್ಮ ಕಂಪನಿಯ ವೆಬ್‌ಸೈಟಿನಲ್ಲಿ ಎಲ್ಲರ ಫೋಟೋ, ಹೆಸರು ಹಾಕುವಾಗ ಇವರೊಬ್ಬರು ಮಾತ್ರ ಹಾಕಿಸಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಸಹಿ ಮಾಡೋ ಜಾಗಾದಾಗ ಹೆಸರು ಬರೀತೀನಲ್ಲ, ಸಾಕು. ಉಳಿದ ಕಡೆ ಯಾಕ?" ಅಂದರು. ಹಾಗಾಗಿ ನಾನು ಕರೆಯುತ್ತಿದ್ದಂತೆ ಇಲ್ಲಿಯೂ ಅಕ್ಕ ಎಂದೇ ಕರೆಯುತ್ತೇನೆ.

ಹೋದ ತಿಂಗಳು ಅಕ್ಕ ಇಲ್ಲೇ ಅಮೆರಿಕದ ಮಾರ್ಗನ್ ಹಿಲ್‌ನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಒಂದು ವಾರ ಜ್ವರ, ಆಮೇಲೆ ನ್ಯುಮೋನಿಯಾ, ಅಷ್ಟೇ. ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳು ಫೋನು ಮಾಡಿ, "ಅಮ್ಮ ನಿಮ್ಮ ಹೆಸರು ಬರೆದು ಒಂದು ಡಬ್ಬಿ ಇಟ್ಟಾಳ, ಈ ಕಡೆ ಬಂದಾಗ ತೊಗೊಂಡು ಹೋಗ್ರಿ" ಎಂದರು. ಈ ಕಡೆ ಬರುವ ತನಕ ಕಾಯಲು ನನ್ನಿಂದಾಗಲಿಲ್ಲ. ಅದೇ ಶನಿವಾರ ಫ್ರೀವೇ ಹಿಡಿದು ಹೋದೆ. ಡಬ್ಬಿ ಎಂದರೆ ಮಕ್ಕಳು ಶಾಲೆಗೆ ಒಯ್ಯುವ ತಗಡಿನ ಕಂಪಾಸು ಪೆಟ್ಟಿಗೆ. ಅದರೊಳಗೆ ಏನಿದೆ ಎಂದು ತೆಗೆಯದೆಯೇ ಗೊತ್ತಿತ್ತು: ಒಂದು ಸಣ್ಣ ಸ್ಕ್ರೂ ಡ್ರೈವರು, ಒಂದು ಭೂತಗನ್ನಡಿ, ಒಂದು ನೀಲಿ ಶಾಯಿಯ ಪೆನ್ನು. ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ. ಅಕ್ಕ ಹೋದರು ಎಂದಷ್ಟೇ ಅಲ್ಲ ಅತ್ತದ್ದು. ನನ್ನದೊಂದು ತಪ್ಪು ಏಳು ವರ್ಷದಿಂದ ಅವರ ಹೆಸರಿನಲ್ಲಿ ಓಡಾಡುತ್ತಿತ್ತು. ಅದು ನನ್ನದು ಎಂದು ಅವರು ಬದುಕಿರುವಾಗ ನಾನು ಯಾರ ಮುಂದೆಯೂ ಹೇಳಲಿಲ್ಲ. ಇಲ್ಲಿ ಅದನ್ನು ಹೇಳಲೇಬೇಕು. ಆದರೆ ಅಕ್ಕ ಎಂಥವರು ಎಂದು ಮೊದಲು ತಿಳಿಯದಿದ್ದರೆ ಆ ತಪ್ಪಿನ ಭಾರ ಎಷ್ಟು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಸನ್ನಿವೇಲ್‌ನ ಆ ಕಂಪನಿಗೆ ನಾನು ಸೇರಿದಾಗ ಅಲ್ಲಿ ಇದ್ದವರು ಹದಿನೈದು ಜನ. ಪಕ್ಕದಲ್ಲಿ ಕಾರಿಗೆ ಬಣ್ಣ ಹೊಡೆಯುವ ಶೆಡ್ಡು, ಇನ್ನೊಂದು ಪಕ್ಕದಲ್ಲಿ ಡೇಕೇರು. ಮೊದಲ ದಿನ ಮಧ್ಯಾಹ್ನ ಅಡಿಗೆ ಕೋಣೆಯಲ್ಲಿ ಜೋಳದ ರೊಟ್ಟಿಯ ವಾಸನೆ ಬಂತು. ತಿರುಗಿ ನೋಡಿದರೆ ಕಾಟನ್ ಸೀರೆ, ಅದರ ಮೇಲೆ ಬೂದು ಸ್ವೆಟರು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಐವತ್ತೈದು ದಾಟಿದ ಹೆಂಗಸು ಮೈಕ್ರೋವೇವಿನ ಮುಂದೆ ನಿಂತಿದ್ದರು. ಇಲ್ಲಿ ಕನ್ನಡದ ಹಿರಿಯರನ್ನು ಕಂಡರೆ ನಮ್ಮ ಬಾಯಿಗೆ ತಾನಾಗಿ ಬರುವುದು ಒಂದೇ ಮಾತು. "ಆಂಟಿ, ಹುಬ್ಬಳ್ಳಿ ಕಡೆಯವರಾ?" ಎಂದೆ.

"ಹುಬ್ಬಳ್ಳಿಯವಳು ಹೌದು. ಆಂಟಿ ಅಲ್ಲ. ಆಫೀಸಿನ್ಯಾಗ ಆಂಟಿ ಅನ್ನೋರು ಯಾರೂ ಇರಂಗಿಲ್ಲ." ಮೈಕ್ರೋವೇವಿನಿಂದ ತಟ್ಟೆ ತೆಗೆದು, "ರೊಟ್ಟಿ ತಿಂತೀರೇನು?" ಎಂದು ಕೇಳಿದರು. ಮೈಸೂರಿನವನಾದ ನನಗೆ ಜೋಳದ ರೊಟ್ಟಿ ಅಷ್ಟಕ್ಕಷ್ಟೆ. ಆದರೂ ಹೆದರಿಕೊಂಡು ಎರಡು ತಿಂದೆ. ಶೇಂಗಾ ಚಟ್ನಿ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಅವತ್ತಿನಿಂದ ಅವರು ನನಗೆ ಅಕ್ಕ. ನಾನು ಮೊದಲು 'ನೀವು', ಒಂದು ತಿಂಗಳಲ್ಲಿ 'ತಮ್ಮಾ' ಆದೆ.

ಅವರ ಕೆಲಸ ಏನೆಂದು ಹೇಳಬೇಕು. ರೇಡಿಯೋ ಅಲೆ ಹೊರಡಿಸುವ ಯಾವ ಸಾಮಾನನ್ನೂ ಒಂದು ದೇಶದೊಳಗೆ ಸುಮ್ಮನೆ ಒಯ್ದು ಬಳಸುವಂತಿಲ್ಲ. ಅಲ್ಲಿಯ ದೂರಸಂಪರ್ಕ ಇಲಾಖೆ ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ನಾವು ಮಾಡುತ್ತಿದ್ದುದು ಅಂಗೈಯಗಲದ ಒಂದು ಡಬ್ಬಿ. ಹಳ್ಳಿಯ ಆಸ್ಪತ್ರೆಗಳಲ್ಲಿ ಮಕ್ಕಳ ಲಸಿಕೆ ಇಡುವ ಫ್ರಿಡ್ಜಿಗೆ ಅದನ್ನು ಅಂಟಿಸಿದರೆ, ಒಳಗಿನ ತಂಪು ಕಡಿಮೆಯಾದ ಕೂಡಲೇ ಮೊಬೈಲ್ ನೆಟ್‌ವರ್ಕಿನ ಮೂಲಕ ಜಿಲ್ಲೆಗೆ ಸುದ್ದಿ ಕಳಿಸುತ್ತದೆ. ಅದನ್ನು ಹೆಚ್ಚಾಗಿ ತರಿಸಿಕೊಳ್ಳುತ್ತಿದ್ದುದು ಜಾಂಬಿಯಾ. ಡಬ್ಬಿಯನ್ನು ನಾವು ಇಂಜಿನಿಯರುಗಳು ಮಾಡುವುದು, ಅದಕ್ಕೆ ಆ ದೇಶದ ಒಪ್ಪಿಗೆ ತರುವುದು ಅಕ್ಕ. ಪರೀಕ್ಷೆಯ ವರದಿ, ಒಳಗಿನ ಹೊರಗಿನ ಫೋಟೋ, ಹಿಂದೆ ಅಂಟಿಸುವ ಚೀಟಿಯ ನಮೂನೆ, ಕೊನೆಯಲ್ಲಿ ಒಂದು ಪುಟದ ಘೋಷಣೆ. ಇವನ್ನೆಲ್ಲ ಸೇರಿಸಿ ಅವರು ಜಾಂಬಿಯಾದ ರಾಜಧಾನಿ ಲುಸಾಕಾಕ್ಕೆ ಕಳಿಸಬೇಕು. ನಮಗೆ ಅದೊಂದು ಕಾಗದದ ಕೆಲಸ. ನಾನಂತೂ ಅವರ ಕೋಣೆಗೆ ತಹಶೀಲ್ದಾರ್ ಕಚೇರಿ ಎಂದು ಹೆಸರಿಟ್ಟಿದ್ದೆ. ಅದು ಅವರಿಗೂ ಗೊತ್ತಿತ್ತು. "ತಹಶೀಲ್ದಾರ್ರು ಚಹಾ ಕುಡೀಲಿಕ್ಕತ್ತಾರ, ಹತ್ತು ನಿಮಿಷ ಬಿಟ್ಟು ಬಾ" ಎಂದು ವಾಪಸು ಕಳಿಸುತ್ತಿದ್ದರು.

ಆ ಕೋಣೆಯ ಗೋಡೆಯ ಮೇಲೆ ಆಫ್ರಿಕಾದ ದೊಡ್ಡ ನಕಾಶೆ ಇತ್ತು. ಮೀಟಿಂಗಿನಲ್ಲಿ ಯಾರಾದರೂ "ಆಫ್ರಿಕಾ ಅಪ್ರೂವಲ್ ಎಲ್ಲಿಗೆ ಬಂತು?" ಎಂದು ಕೇಳಿದರೆ ಅಕ್ಕ ಉತ್ತರ ಕೊಡುತ್ತಿರಲಿಲ್ಲ. ನಕಾಶೆಯ ಕಡೆ ಕೈ ತೋರಿಸಿ, ಅದರಲ್ಲಿ ಯಾವುದು, ಬೆರಳಿಟ್ಟು ತೋರಿಸಿ ಎನ್ನುತ್ತಿದ್ದರು. ನಮ್ಮ ಕಂಪನಿ ಕಟ್ಟಿದ ಯಜಮಾನ ಪಕ್ಕದ ಊರು ಲಾಸ್ ಆಲ್ಟೋಸ್‌ನವನು, ಒಳ್ಳೆಯ ಮನುಷ್ಯ, ಆದರೆ ಯಾವಾಗಲೂ ಗಡಿಬಿಡಿ. ಒಂದು ದಿನ ಅವನು ಬೆರಳಿಟ್ಟದ್ದು ಅಂಗೋಲಾದ ಮೇಲೆ. ಅಕ್ಕ ಅವನ ಬೆರಳನ್ನೇ ಹಿಡಿದು ಮೆಲ್ಲಗೆ ಪೂರ್ವಕ್ಕೆ, ಜಾಂಬಿಯಾದ ಮೇಲಕ್ಕೆ ಸರಿಸಿದರು. ಅಮೆರಿಕದವರ ಆಫೀಸಿನಲ್ಲಿ ಹೀಗೆ ಯಜಮಾನನ ಬೆರಳು ಹಿಡಿಯುವವರು ಬೇರೆ ಯಾರೂ ಇರಲಾರರು.

ಪ್ರತಿ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಲುಸಾಕಾದ ಫೋನು. ಅಲ್ಲಿ ಆಗ ಸಂಜೆ ನಾಲ್ಕು. ಆ ಕಡೆ ಇದ್ದವರು ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿ, ಅಕ್ಕನದೇ ವಯಸ್ಸಿನ ಹೆಂಗಸು. ಅವರನ್ನು ಅಕ್ಕ ತಮ್ಮ ಕಡೆಯ ಮರ್ಯಾದೆಯ ಮಾತಿನಲ್ಲಿ 'ಲುಸಾಕಾದ ಬಾಯಾರು' ಎನ್ನುತ್ತಿದ್ದರು. ಮೊದಲ ಹತ್ತು ನಿಮಿಷ ಕೆಲಸದ ಮಾತೇ ಇಲ್ಲ. ಮಳೆ ಶುರುವಾಯಿತೇ, ಮೆಕ್ಕೆಜೋಳ ಹೇಗಿದೆ, ಕಿರಿಯ ಮಗನ ಪರೀಕ್ಷೆ ಏನಾಯಿತು, ಕರೆಂಟು ದಿನಕ್ಕೆ ಎಷ್ಟು ಹೊತ್ತು ತೆಗೆಯುತ್ತಾರೆ. ಕರೆಂಟಿನ ಮಾತು ಬಂದರೆ ಹುಬ್ಬಳ್ಳಿಯವರಿಗೂ ಹೇಳುವುದು ಬೇಕಾದಷ್ಟಿತ್ತು. ಒಮ್ಮೆ ಏನೋ ಅವಸರದ ಕೆಲಸಕ್ಕೆ ಆ ಕೋಣೆಯಲ್ಲಿ ಕಾಯುತ್ತಾ ಕೂತಿದ್ದ ನನಗೆ ತಲೆ ಕೆಟ್ಟುಹೋಯಿತು. ಫೋನು ಇಟ್ಟ ಮೇಲೆ, "ಅಕ್ಕ, ಒಂದು ಈಮೇಲ್ ಕಳಿಸಿದ್ರೆ ಎರಡು ನಿಮಿಷದ ಕೆಲಸ ಇದು" ಎಂದೆ.

ಅಕ್ಕ ಕನ್ನಡಕ ಇಳಿಸಿದರು. "ನಾನು ಹುಬ್ಬಳ್ಳಿ ಟೆಲಿಫೋನ್ ಆಫೀಸಿನ್ಯಾಗ ಅರ್ಜಿ ತೊಗೊಳ್ಳೋ ಕಿಟಕ್ಯಾಗ ಕೂತಾಕಿ, ತಮ್ಮಾ. ಆವಾಗ ಒಂದು ಫೋನು ಬೇಕಂದ್ರ ಮಂದಿ ವರ್ಷಗಟ್ಟಲೆ ಕಾಯ್ತಿದ್ರು. ಕಿಟಕಿ ಹೊರಗ ನಿಂತವರಿಗೆ ನಾನು ಅಂದ್ರ ಒಂದು ರಬ್ಬರ್ ಠಸ್ಸೆ. ಯಾರಾರ ಒಬ್ಬರು 'ಊಟಾತೇನ್ರಿ ಬಾಯಾರ' ಅಂದ್ರ ಅವತ್ತೆಲ್ಲ ನನಗ ಖುಷಿ. ಹಂಗಂತ ಅವರ ಅರ್ಜಿ ಮುಂದ ತಳ್ಳಲಿಲ್ಲ ನಾನು. ಆದ್ರ ಪೂರ್ತಿ ಓದಿದೆ. ಕಾಗದ ಓದೋರೂ ಮನುಷ್ಯಾರು."

ಅವರ ಇಡೀ ಕಸುಬು ಆ ಕಿಟಕಿಯಿಂದ ಬಂದದ್ದು. ಅರ್ಜಿಯನ್ನು ಅವರು ಈ ಕಡೆ ಕೂತು ಬರೆಯುತ್ತಿರಲಿಲ್ಲ, ಆ ಕಡೆ ಕೂತು ಓದುವವರ ಕಣ್ಣಿನಿಂದ ಬರೆಯುತ್ತಿದ್ದರು. ಫೋಟೋದಲ್ಲಿ ಪಕ್ಕಕ್ಕೊಂದು ಸ್ಕೇಲು ಇಟ್ಟಿರಬೇಕು, ಯಾಕೆಂದರೆ ಅಲ್ಲಿಯವರಿಗೆ ಡಬ್ಬಿಯ ಅಳತೆ ಊಹಿಸುವ ಕಷ್ಟ ಯಾಕೆ ಕೊಡಬೇಕು. ಎಲ್ಲ ಪುಟಗಳಿಗೂ ಕೈಯಲ್ಲೇ ಸಂಖ್ಯೆ ಹಾಕಬೇಕು. ವರದಿಯಲ್ಲಿ ಏನಾದರೂ ಅನುಮಾನ ಹುಟ್ಟಿಸುವ ಅಂಕಿ ಇದ್ದರೆ ಅದನ್ನು ಮುಚ್ಚುವುದಲ್ಲ, ತಾವೇ ಗುರುತು ಹಾಕಿ ಬದಿಯಲ್ಲಿ ವಿವರಣೆ ಬರೆಯುವುದು. "ಅವರು ಹುಡುಕಿ ತೆಗೆಯೋದಕ್ಕಿಂತ ನಾವಽ ತೋರಿಸಿದ್ರ ಛಲೋ" ಎನ್ನುತ್ತಿದ್ದರು.

ಸಹಿ ಮಾಡುವುದಕ್ಕೂ ಅವರದೊಂದು ಕ್ರಮವಿತ್ತು. ಕಾರ್ಖಾನೆಯಿಂದ ಬಂದ ಡಬ್ಬಿಯೊಂದನ್ನು ತರಿಸಿ, ಕಂಪಾಸು ಪೆಟ್ಟಿಗೆಯಿಂದ ಸ್ಕ್ರೂ ಡ್ರೈವರು ತೆಗೆದು ತಾವೇ ಬಿಚ್ಚುತ್ತಿದ್ದರು. ನಾಲ್ಕು ಸ್ಕ್ರೂಗಳನ್ನು ಊಟದ ಡಬ್ಬಿಯ ಸ್ಟೀಲ್ ಮುಚ್ಚಳದಲ್ಲಿ ಒಂದೊಂದಾಗಿ ಹಾಕಿ ಎಣಿಸುವರು. ಭೂತಗನ್ನಡಿ ಹಿಡಿದು, ಪರೀಕ್ಷೆಗೆ ಹೋದ ಡಬ್ಬಿಯ ಫೋಟೋ ಪಕ್ಕಕ್ಕಿಟ್ಟುಕೊಂಡು ಒಂದೊಂದು ಬಿಡಿಭಾಗವನ್ನೂ ತಾಳೆ ನೋಡುವರು. ಎಲ್ಲ ಸರಿಯಿದ್ದರೆ ಮತ್ತೆ ಮುಚ್ಚಿ, ಘೋಷಣೆಯ ಕಾಗದ ಮುಂದಿಟ್ಟುಕೊಂಡು ಜೋರಾಗಿ ಓದುವರು. ಪರೀಕ್ಷೆಗೆ ಒಳಪಟ್ಟ ಸಾಧನವೂ ಮಾರಾಟಕ್ಕೆ ಹೋಗುವ ಸಾಧನವೂ ಒಂದೇ ಎಂದು ಈ ಮೂಲಕ ಘೋಷಿಸುತ್ತೇನೆ ಎಂಬ ಇಂಗ್ಲಿಷ್ ಸಾಲುಗಳು ಅವರ ಬಾಯಲ್ಲಿ ಪೂಜೆಗೆ ಮುಂಚಿನ ಸಂಕಲ್ಪದ ಹಾಗೆ ಕೇಳುತ್ತಿದ್ದವು. ಮಧ್ಯೆ ಕೆಮ್ಮು ಬಂದರೆ, ಯಾರಾದರೂ ಬಾಗಿಲು ತಟ್ಟಿದರೆ, ಮತ್ತೆ ಮೊದಲಿನಿಂದ ಓದುವರು. ಆಮೇಲೆ ನೀಲಿ ಶಾಯಿಯ ಸಹಿ. ನಾವು ಹೊರಗೆ ನಿಂತು ನಗುತ್ತಿದ್ದೆವು.

ಇನ್ನು ನನ್ನ ತಪ್ಪಿನ ವಿಷಯ.

ಆ ವರ್ಷ ಹೊಸ ಮಾದರಿಯ ಡಬ್ಬಿ ಮಾಡಿದ್ದೆವು. ಅದರ ಜವಾಬ್ದಾರಿ ಪೂರ್ತಿ ನನ್ನದು. ಲ್ಯಾಬಿನಲ್ಲಿ ಪರೀಕ್ಷೆ ಮುಗಿದ ಮೇಲೆ ಕಾರ್ಖಾನೆಯವರು, ನಾವು ಹೇಳಿದ ಆಂಟೆನಾ ಸಿಗುತ್ತಿಲ್ಲ, ಬೇರೆ ತಯಾರಕರದು ಹಾಕಬಹುದೇ ಎಂದು ಕೇಳಿದರು. ಅಳತೆ ಅದೇ, ಕೂರುವ ಜಾಗ ಅದೇ, ಕಾಗದದ ಮೇಲಿನ ಅಂಕಿಗಳೂ ಹೆಚ್ಚುಕಡಿಮೆ ಅವೇ. ಹಾಕಿ ಎಂದು ಒಂದು ಸಾಲು ಬರೆದು ಕಳಿಸಿ ಮರೆತೂಬಿಟ್ಟೆ. ನಮ್ಮ ಕಸುಬಿನವರ ರೋಗ ಇದು. ಎರಡು ವಸ್ತು ಒಂದೇ ಥರ ಕೆಲಸ ಮಾಡಿದರೆ ನಮ್ಮ ಕಣ್ಣಿಗೆ ಅವು ಒಂದೇ ಆಗಿಬಿಡುತ್ತವೆ. ಆದರೆ ಅಲೆಗಳನ್ನು ಹೊರಗೆ ಬಿಡುವುದೇ ಆಂಟೆನಾ. ಪರೀಕ್ಷೆ ಮಾಡಿಸಿದ್ದೇ ಅದಕ್ಕಾಗಿ. ಅದು ಬದಲಾದರೆ ಹಳೆಯ ವರದಿ ಬೇರೆ ಯಾವುದೋ ಡಬ್ಬಿಯ ವರದಿ.

ಅಕ್ಕ ಸಹಿ ಮಾಡಬೇಕಾದ ದಿನ ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದ. ಮಾರನೆಯ ದಿನದಿಂದ ರಜೆ, ಕಾಗದ ಅವತ್ತೇ ಹೊರಡಬೇಕು. ಅಕ್ಕ ಎಂದಿನಂತೆ ಸ್ಕ್ರೂ ಡ್ರೈವರು ತೆಗೆದರು. ನನಗೆ ಮಗಳನ್ನು ಡೇಕೇರಿನಿಂದ ಕರೆದುಕೊಂಡು ಬರುವ ಹೊತ್ತಾಗಿತ್ತು.

"ಅಕ್ಕ, ಬಿಚ್ಚಬೇಡಿ, ಮತ್ತೆ ಸೀಲ್ ಹಾಕೋಕೆ ಅರ್ಧ ಗಂಟೆ ಆಗತ್ತೆ. ನಾನೇ ಮಾಡಿದ್ದಲ್ವಾ, ಟೆಸ್ಟಿಗೆ ಹೋಗಿದ್ದೂ ಇದೂ ಸೇಮು. ಏನೂ ಚೇಂಜ್ ಆಗಿಲ್ಲ."

ಅಕ್ಕ ನನ್ನ ಮುಖ ನೋಡಿದರು. "ನೀ ಹೇಳ್ತಿಯಲ್ಲ?"

"ಹೇಳ್ತೀನಿ."

ಸ್ಕ್ರೂ ಡ್ರೈವರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಘೋಷಣೆಯನ್ನು ಮಾತ್ರ ಕೊರಿಯರಿನವನನ್ನು ನಿಲ್ಲಿಸಿಕೊಂಡೇ ಪೂರ್ತಿ ಓದಿದರು. ಸಹಿ ಮಾಡಿದರು. ಬೇಕೆಂದು ಸುಳ್ಳು ಹೇಳಿದೆನೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ಆಂಟೆನಾ ನಿಜವಾಗಿ ನೆನಪಿರಲಿಲ್ಲ. ಆದರೆ ನೆನಪಿಸಿಕೊಳ್ಳಲು ಒಂದು ನಿಮಿಷವನ್ನೂ ಕೊಡಲಿಲ್ಲ.

ಎರಡು ತಿಂಗಳಿಗೆ ಸರ್ಟಿಫಿಕೇಟು ಬಂತು. ಆಫೀಸಿನಲ್ಲಿ ಪಿಜ್ಜಾ ತರಿಸಿದರು. ಡಬ್ಬಿಗಳು ವಿಮಾನ ಹತ್ತಿದವು. ಒಪ್ಪಿಗೆ ಸಿಕ್ಕ ಪ್ರತಿ ಮಾದರಿಯಲ್ಲೂ ಒಂದನ್ನು ತಮ್ಮ ಶೆಲ್ಫಿನಲ್ಲಿ ಬಿಚ್ಚಿ ಇಟ್ಟುಕೊಳ್ಳುವುದು ಅಕ್ಕನ ರೂಢಿ. ಹಾಗೆ ಬಿಚ್ಚಿದ ದಿನ ನನ್ನನ್ನು ಕರೆದರು.

"ಬರ್ರಿ, ಸ್ವಲ್ಪ ಕೂಡ್ರಿ" ಎಂದರು. ಎರಡು ವರ್ಷದಿಂದ ತಮ್ಮಾ ಆಗಿದ್ದವನು ಒಮ್ಮೆಲೇ ಮತ್ತೆ 'ನೀವು' ಆದೆ. ಮೇಜಿನ ಮೇಲೆ ಫೋಟೋ, ಪಕ್ಕದಲ್ಲಿ ತೆರೆದ ಡಬ್ಬಿ. ಫೋಟೋದಲ್ಲಿ ಬಿಳಿ ಆಂಟೆನಾ, ಡಬ್ಬಿಯಲ್ಲಿ ಕಪ್ಪು. ನಾನು ಅಳತೆ, ಅಂಕಿ ಅಂಶ ಎಂದು ಏನೇನೋ ಹೇಳಿದೆ. ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎಂದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಆಗಂಗಿಲ್ಲ ಅಂತ ನಿಮಗ ಅನಸ್ತದ. ನಾನು ಬರದಿದ್ದು ಹಂಗಲ್ಲ. ಎರಡೂ ಒಂದಽ ಅಂತ ಬರದೀನಿ. ಓದಿ ಹೇಳಿ ಸಹಿ ಮಾಡೀನಿ."

ವಿಷಯ ಯಜಮಾನನಿಗೆ ಹೋಯಿತು. ಅವನಿಗೆ ಮೊದಲು ಗಾಬರಿ, ಆಮೇಲೆ ಸಿಟ್ಟು. ಅಲ್ಲಿ ಯಾರು ಡಬ್ಬಿ ಬಿಚ್ಚಿ ನೋಡುತ್ತಾರೆ, ಸುಮ್ಮನಿರೋಣ ಎಂದ. ಅಕ್ಕ, ನಾನು ನೋಡಿದ್ದೇನಲ್ಲ ಎಂದರು. ಇದು ಹೇಗಾಯಿತು, ಯಾರು ಮಾಡಿದ್ದು, ಅವರು ಇಲ್ಲಿರುವುದು ಬೇಡ ಎಂದು ಅವನು ಕೂಗಾಡಿದ. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ನನ್ನ ವೀಸಾ ಆ ಕಂಪನಿಯ ಮೇಲೆ ನಿಂತಿತ್ತು, ಗ್ರೀನ್ ಕಾರ್ಡಿನ ಅರ್ಜಿ ಆಗಷ್ಟೇ ಹಾಕಿದ್ದರು, ಮಗಳಿಗೆ ಇನ್ನೂ ಎಂಟು ತಿಂಗಳು. ಕೆಲಸ ಹೋದರೆ ಅರವತ್ತು ದಿನದಲ್ಲಿ ದೇಶ ಬಿಡಬೇಕು. ಇವೆಲ್ಲ ತಲೆಯಲ್ಲಿ ಒಟ್ಟಿಗೆ ಓಡಿದವು. ನಾನು ಬಾಯಿ ತೆರೆಯುವ ಮುಂಚೆ ಅಕ್ಕ ಹೇಳಿದರು: "ನಾನು ಬಿಚ್ಚಿ ನೋಡದೆ ಸಹಿ ಮಾಡಿದೆ. ತಪ್ಪು ನನ್ನದು."

ಬಾಯಿ ತೆರೆಯುವ ಮುಂಚೆ ಎಂದು ಬರೆದೆ. ನಿಜ ಹೇಳಬೇಕೆಂದರೆ ತೆರೆಯುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೂ ತೆರೆಯಲಿಲ್ಲ.

ಆ ಮಂಗಳವಾರ ಏಳು ಗಂಟೆಗೆ ಅಕ್ಕ ಲುಸಾಕಾಕ್ಕೆ ಫೋನು ಮಾಡಿದರು. ಅವತ್ತು ಮಳೆಯ ಮಾತಿಲ್ಲ. ನಾನು ಕೊಟ್ಟ ಘೋಷಣೆ ಸರಿಯಿಲ್ಲ, ಸರ್ಟಿಫಿಕೇಟನ್ನು ತಡೆಹಿಡಿಯಿರಿ, ಮತ್ತೆ ಪರೀಕ್ಷೆ ಮಾಡಿಸಿ ಕಳಿಸುತ್ತೇನೆ ಎಂದು ಓದಿ ಹೇಳಿದರು. ಮೊದಲೇ ಬರೆದಿಟ್ಟುಕೊಂಡಿದ್ದರು, ಆ ಕಾಗದವನ್ನೇ ಆಮೇಲೆ ಅವರಿಗೆ ಕಳಿಸಿದರು. ಆ ಕಡೆಯವರು ಏನೋ ಕೇಳಿದರು. ಆಮೇಲೆ ಅಕ್ಕ ಬಾಗಿಲು ಹಾಕಿಕೊಂಡರು, ಮುಂದಿನ ಮಾತು ನನಗೆ ಕೇಳಲಿಲ್ಲ.

ಡಬ್ಬಿಗಳು ಲುಸಾಕಾದ ವಿಮಾನ ನಿಲ್ದಾಣದಲ್ಲಿ ಕೂತವು. ಅಲ್ಲಿಯ ಹಳ್ಳಿಗಳಲ್ಲಿ ನರ್ಸುಗಳು ದಿನಕ್ಕೆರಡು ಸಲ ಫ್ರಿಡ್ಜು ತೆಗೆದು ಥರ್ಮಾಮೀಟರು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು ಮುಂದುವರಿಯಿತು. ಅಕ್ಕ ಪ್ರತಿದಿನ ಅದನ್ನೇ ಹೇಳುತ್ತಿದ್ದರು. "ಇವತ್ತೂ ಆ ತಂಗಿ ಬರೀಲಿಕ್ಕತ್ತಾಳ ನೋಡ್ರಿ." ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತಿತ್ತು. ಹೊಸ ಆಂಟೆನಾದ ಪರೀಕ್ಷೆ ನಡೆದ ಎರಡು ದಿನವೂ ಅವರು ಲ್ಯಾಬಿಗೆ ಬಂದು, ಅಲ್ಲಿಯ ಏಸಿಯ ಚಳಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ವೆಟರು ಹೊದ್ದು ಕೂತಿದ್ದರು. ಎರಡನೆಯ ದಿನ ಸಂಜೆ ಫಲಿತಾಂಶ ಬಂತು. ಎಲ್ಲ ಸರಿಯಾಗಿತ್ತು, ಹಳೆಯದಕ್ಕೂ ಹೊಸದಕ್ಕೂ ಕೂದಲೆಳೆಯ ವ್ಯತ್ಯಾಸ.

"ನೋಡಿ ಅಕ್ಕ, ಪಾಸಾಯ್ತು. ಏನೂ ಆಗಲ್ಲ ಅಂದಿದ್ನಲ್ಲ" ಎಂದೆ. ಇಷ್ಟಾದ ಮೇಲೂ ನನಗೆ ಗೆಲ್ಲುವ ಆಸೆ.

"ಪಾಸಾತು. ಈಗ ನಮಗ ಗೊತ್ತಾತು. ಆವಾಗ ಗೊತ್ತಿರಲಿಲ್ಲ." ಆಮೇಲೆ ಊಟದ ಡಬ್ಬಿ ತೆಗೆದು ನನ್ನ ಕಡೆ ಸರಿಸಿ, "ತಿನ್ನು ತಮ್ಮಾ, ಮಧ್ಯಾಹ್ನದಿಂದ ಏನೂ ತಿಂದಿಲ್ಲ ನೀ" ಎಂದರು. ಐದು ವಾರದ ಮೇಲೆ ಮತ್ತೆ 'ತಮ್ಮಾ' ಆಗಿದ್ದೆ. ಡಬ್ಬಿಯಲ್ಲಿದ್ದ ರೊಟ್ಟಿಯನ್ನೆಲ್ಲ ತಿಂದೆ.

ಲುಸಾಕಾದಿಂದ ಮತ್ತೆ ಒಪ್ಪಿಗೆ ಬಂತು. ಆದರೆ ಆಫೀಸಿನಲ್ಲಿ ಅಕ್ಕನಿಗೆ ಮೊದಲಿನ ಸ್ಥಾನ ಉಳಿಯಲಿಲ್ಲ. ಇನ್ನು ಒಂದು ವರ್ಷ ಅವರ ಪ್ರತಿ ಸಹಿಯ ಕೆಳಗೆ ಒಬ್ಬ ಇಂಜಿನಿಯರು ಪರಿಶೀಲಿಸಿ ಎರಡನೆಯ ಸಹಿ ಹಾಕಬೇಕು ಎಂದು ಯಜಮಾನ ನಿಯಮ ಮಾಡಿದ. ಹಾಕಬೇಕಾದವನು ಯಾರು ಎಂದರೆ, ನಾನು. ತಪ್ಪು ಮಾಡಿದವನೇ ಮೇಲ್ವಿಚಾರಕನಾದೆ. ಆ ಸುದ್ದಿ ಕೇಳಿದ ದಿನ ಅಕ್ಕನ ಕೋಣೆಗೆ ಹೋಗಿ, "ಅಕ್ಕ, ನಾನು ಹೋಗಿ ನಿಜ ಹೇಳಿಬಿಡ್ತೀನಿ" ಎಂದೆ. ಹೇಳಬೇಡ ಎನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಅಕ್ಕ ಹೇಳು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ನನ್ನ ಸಹಿಗೆ ನಾನು ಉತ್ತರಾ ಕೊಟ್ಟೆ. ನಿನ್ನ ಮಾತಿಗೆ ನೀ ಯಾವಾಗ ಕೊಡ್ತಿ ಅನ್ನೋದು ನಿನಗ ಬಿಟ್ಟಿದ್ದು" ಎಂದರು. ಆಮೇಲೆ, "ಮಂಗಳವಾರ ಏಳಕ್ಕ ಬಾ. ಸಹಿ ಹಾಕಾವ ಆದ ಮ್ಯಾಲ ಕೆಲಸಾನೂ ಕಲೀಬೇಕು."

ಹೋದೆ. ಒಂದು ವರ್ಷಕ್ಕೆಂದು ಮಾಡಿದ ನಿಯಮ ಮುಗಿದ ಮೇಲೂ ಹೋಗುತ್ತಲೇ ಇದ್ದೆ. ಬಿಚ್ಚುವುದು, ಮುಚ್ಚಳದಲ್ಲಿ ಸ್ಕ್ರೂ ಎಣಿಸುವುದು, ಜೋರಾಗಿ ಓದುವುದು ಎಲ್ಲ ಕಲಿತೆ. ಲುಸಾಕಾದ ಬಾಯಾರ ಮಗ ಪರೀಕ್ಷೆಯಲ್ಲಿ ಪಾಸಾದದ್ದು, ಆ ವರ್ಷ ಮಳೆ ಕೈಕೊಟ್ಟದ್ದು ನನಗೂ ಸುದ್ದಿಯಾಯಿತು. ಆದರೆ ಹೇಳಬೇಕಾದ ಮಾತು ಮಾತ್ರ ಮುಂದೆ ಮುಂದೆ ಹೋಯಿತು. ಮೊದಲು ಗ್ರೀನ್ ಕಾರ್ಡು ಬರಲಿ ಎಂದುಕೊಂಡೆ. ಬಂದ ಮೇಲೆ, ಹಳೆಯದನ್ನು ಈಗ ಯಾಕೆ ಕೆದಕಬೇಕು ಎಂದುಕೊಂಡೆ.

ಅಕ್ಕ ನಿವೃತ್ತರಾದ ದಿನ ಕೇಕು ತರಿಸಿದ್ದರು. ಯಜಮಾನ ಪ್ರೀತಿಯಿಂದಲೇ ಭಾಷಣ ಮಾಡಿದ. ಇಷ್ಟು ವರ್ಷದಲ್ಲಿ ಇವರು ಮಾಡಿದ್ದು ಒಂದೇ ಒಂದು ತಪ್ಪು, ಆ ಆಂಟೆನಾದ್ದು ಎಂದು ನಗೆಯಾಡಿದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ನಾನು ಕೇಕಿನ ತಟ್ಟೆ ಹಿಡಿದು ನೆಲ ನೋಡುತ್ತಾ ನಿಂತಿದ್ದೆ. ತಲೆ ಎತ್ತಿದಾಗ ಅಕ್ಕ ನನ್ನ ಕಡೆ ನೋಡುತ್ತಿದ್ದರು. ಬೇಸರದ ನೋಟವಲ್ಲ ಅದು. ಟೆಲಿಫೋನ್ ಆಫೀಸಿನ ಕಿಟಕಿಯ ಒಳಗೆ ಕೂತು, ಅರ್ಜಿ ಇನ್ನೂ ಪೂರ್ತಿ ಬರೆಯದವನನ್ನು ನೋಡುವ ನೋಟ.

ಆಮೇಲೆ ಅವರು ಮಾರ್ಗನ್ ಹಿಲ್‌ಗೆ ಹೋದರು. ಎರಡು ಮೂರು ತಿಂಗಳಿಗೊಮ್ಮೆ ನೋಡಲು ಹೋಗುತ್ತಿದ್ದೆ. ಮೊಮ್ಮಗಳಿಗೆ ಅಕ್ಕ ಕನ್ನಡದಲ್ಲಿ ಕತೆ ಹೇಳುವರು, ಅವಳು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಳು, ಇಬ್ಬರಿಗೂ ಏನೂ ತೊಂದರೆಯಿರಲಿಲ್ಲ. ಹೊರಡುವಾಗ ಪ್ರತಿ ಸಲವೂ ಅಕ್ಕ ಕೇಳುತ್ತಿದ್ದುದು ಒಂದೇ. "ಮಂಗಳವಾರ ಫೋನು ಮಾಡ್ತಿಯಲ್ಲ?" ಮಾಡುತ್ತೇನೆ ಎನ್ನುತ್ತಿದ್ದೆ. "ಹಂಗಾರ ಸರಿ" ಎನ್ನುತ್ತಿದ್ದರು.

ಕಂಪಾಸು ಪೆಟ್ಟಿಗೆ ತಂದ ಮೇಲೆ ಸೋಮವಾರ ಮೊದಲು ಯಜಮಾನನ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವನು, ಆ ನಿವೃತ್ತಿಯ ಪಾರ್ಟಿಯಲ್ಲಿ ನಾನು ಅವರನ್ನು ನಗೆಪಾಟಲು ಮಾಡಿದೆನಲ್ಲ ಎಂದ. ಅವನಿಗೆ ನನ್ನ ಮೇಲಿನ ಸಿಟ್ಟಿಗಿಂತ ಆ ಕೊರಗೇ ದೊಡ್ಡದಾಯಿತು. ಆಮೇಲೆ ಲುಸಾಕಾದ ಬಾಯಾರಿಗೆ ಈಮೇಲಿನಲ್ಲಿ ಕಾಗದ ಬರೆದೆ. ಅಕ್ಕ ತೀರಿಕೊಂಡದ್ದನ್ನು ತಿಳಿಸಿ, ಏಳು ವರ್ಷದ ಹಿಂದೆ ಆಂಟೆನಾ ಬದಲಿಸಿದವನು ನಾನು, ಏನೂ ಬದಲಾಗಿಲ್ಲ ಎಂದು ಮಾತು ಕೊಟ್ಟು ಅವರ ಕೈಯಿಂದ ಸ್ಕ್ರೂ ಡ್ರೈವರು ಇಡಿಸಿದವನು ನಾನು, ಈಗ ನಿಮಗೆ ಬರುವ ಅರ್ಜಿಗಳಿಗೆ ಸಹಿ ಹಾಕುತ್ತಿರುವವನೂ ನಾನೇ, ಇದನ್ನು ತಿಳಿದ ಮೇಲೆ ನನ್ನ ಸಹಿಯನ್ನು ಒಪ್ಪುವುದು ಬಿಡುವುದು ನಿಮ್ಮದು ಎಂದು ಬರೆದೆ. ನಮ್ಮ ಹೊಸ ಮಾದರಿಯ ಅರ್ಜಿ ಆಗ ಅವರ ಮೇಜಿನ ಮೇಲೇ ಇತ್ತು.

ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಬಂತು. ಅದರ ಸಾರ ಇದು:

"ನಿಮ್ಮ ಅಕ್ಕನಿಗಾಗಿ ನಾನೂ ಅಳುತ್ತಿದ್ದೇನೆ. ಅವರನ್ನು ನಾನು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಸರ್ಟಿಫಿಕೇಟು ತಡೆಹಿಡಿಯಿರಿ ಎಂದ ದಿನ ಅವರನ್ನು ಕೇಳಿದೆ, ನೀವು ಬಿಚ್ಚಿ ನೋಡದೆ ಸಹಿ ಮಾಡುವವರಲ್ಲವಲ್ಲ, ಏನಾಯಿತು ಎಂದು. ನಾನು ನಂಬುವ ಒಬ್ಬನ ಮಾತು ಕೇಳಿದೆ ಎಂದರು. ಹೆಸರು ಕೇಳಿದೆ, ಹೇಳಲಿಲ್ಲ. ಒಂದು ದಿನ ಅವನೇ ನಿಮಗೆ ಬರೆಯುತ್ತಾನೆ, ಅಲ್ಲಿಯ ತನಕ ಕಾಯಿರಿ ಎಂದರು. ಪ್ರತಿ ಹೊಸ ವರ್ಷಕ್ಕೆ ನಾನು ಕೇಳುತ್ತಿದ್ದೆ, ಇನ್ನೂ ಬರೆದಿಲ್ಲವಲ್ಲ ಎಂದು. ಬರೆಯುತ್ತಾನೆ, ಮಂಗಳವಾರ ತಪ್ಪಿಸಿಲ್ಲ ಎನ್ನುತ್ತಿದ್ದರು. ನಿಮ್ಮ ಕಾಗದವನ್ನು ಅವರ ಆ ಹಳೆಯ ಕಾಗದದ ಜೊತೆಗೇ ಇಟ್ಟಿದ್ದೇನೆ. ಇನ್ನು ಕೆಲಸದ ಮಾತು. ನಿಮ್ಮ ಹೊಸ ಅರ್ಜಿಯಲ್ಲಿ ಒಳಭಾಗದ ಮೂರನೆಯ ಫೋಟೋ ಮಸುಕಾಗಿದೆ. ದಯವಿಟ್ಟು ಸಾಧನವನ್ನು ಮತ್ತೆ ಬಿಚ್ಚಿ, ಫೋಟೋ ತೆಗೆದು, ಹೊಸ ಘೋಷಣೆಯೊಂದಿಗೆ ಕಳಿಸಿ. ಇಲ್ಲಿ ಮಳೆ ಶುರುವಾಗಿದೆ."

ಮಾರನೆಯ ಬೆಳಿಗ್ಗೆ ಆಫೀಸಿಗೆ ಬೇಗ ಹೋದೆ. ನಕಾಶೆಯಿರುವ ಆ ಕೋಣೆಯಲ್ಲಿ ಕೂತು, ಕಂಪಾಸು ಪೆಟ್ಟಿಗೆ ತೆರೆದು ಡಬ್ಬಿ ಬಿಚ್ಚಿದೆ. ನಾಲ್ಕು ಸ್ಕ್ರೂಗಳನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಎಣಿಸಿದೆ. ಭೂತಗನ್ನಡಿ ಹಿಡಿದು ಒಂದೊಂದೇ ತಾಳೆ ನೋಡಿದೆ. ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆದೆ. ಮುಚ್ಚಿದ ಮೇಲೆ ಘೋಷಣೆಯ ಕಾಗದವನ್ನು ಮುಂದಿಟ್ಟುಕೊಂಡು ಜೋರಾಗಿ ಓದಲು ಶುರು ಮಾಡಿದೆ. ಎರಡೂ ಒಂದೇ ಎಂಬ ಸಾಲಿಗೆ ಬರುವಷ್ಟರಲ್ಲಿ ಕೆಮ್ಮು ಬಂತು. ನೀರು ಕುಡಿದು, ಮತ್ತೆ ಮೊದಲಿನಿಂದ ಓದಿದೆ.